ನರ್ಮದಾ ಒಯ್ಯತಿದ್ದ ಡಬ್ಬಿ

ಮರಾಠಿ ಸೀಮಿಯ ಈ ನಿಗಡಿಯೊಳಗ ನಮ್ಮ ಮನಿ ಹಿಂದ ಈಗ ಒಂದು ಬಾಗ, ಅಂದ್ರ ಹೂವಿನ ತ್ವಾಟ, ಆಗೇದ. ಮುಂಜಾನೆ ಐದೂವರಿಗೆ ಹೋಗಿ ನೋಡ್ರಿ, ಹೆಣ್ಮಕ್ಕಳು ಸೀರಿ ಕೆಳಗ ಕ್ಯಾನ್ವಾಸ್ ಬೂಟ ಹಾಕ್ಕೊಂಡು, ಕೈ ಬೀಸಿಗೋತ ಸುತ್ತು ಹಾಕತಿರತಾರ. ಹಾರ್ಟಿಗೆ ಛಲೋ ಅಂತ. ನನಗೂ ಕರೀತಾರ, "ಭಾಮಾಬಾಯಿ, ಯಾ ನಾ" ಅಂತ. ನಾ ಹೋಗೂದಿಲ್ಲ. ಅವರನ್ನ ನೋಡಿದ್ರ ನನಗ ಸಿಟ್ಟು ಬರತದ. ಪಾಪ, ಅವರ ತಪ್ಪೇನೂ ಇಲ್ಲ, ಅದೂ ಗೊತ್ತದ. ಏಳೆಂಟು ವರ್ಷದ ಹಿಂದ ಇದ ಊರಾಗ ಒಬ್ಬಾಕಿ ಅಡ್ಡಾಡ್ಲಿಕ್ಕೆ ಒಂದು ನೆವ ಹುಡುಕಬೇಕಾಗಿತ್ತು. ಆ ನೆವಾನೂ ನಾವು ಕಸಗೊಂಡ್ವಿ. ನಾವು ಅಂತ ಯಾಕನ್ಲಿ, ನಾನ ಕಸಗೊಂಡೆ.

ಅಕಿ ಹೆಸರು ನರ್ಮದಾ. ಬೈಲಹೊಂಗಲದ ಕಡಿಯಾಕಿ. ನಾ ಧಾರವಾಡದಾಕಿ. ಇಬ್ಬರ ಮನಿಗೂ ನಡುವ ಒಂದ ಗ್ವಾಡಿ. ಅಕಿ ಗಂಡ ದಿಗಂಬರರಾಯರು ಆಕುರ್ಡಿ ಕಡೆ ಒಂದು ಕಾರಖಾನ್ಯಾಗ ಲೇಥ್ ಮಶೀನಿನ ಮ್ಯಾಲೆ ಇದ್ರು, ನಮ್ಮನಿಯವರು ಪ್ರಲ್ಹಾದರಾಯರು ಅಲ್ಲೇ ಸ್ಟೋರಿನಾಗ. ಓಣಿ ತುಂಬ ಮರಾಠಿ ಮಾತಾಡಿ ಮಾತಾಡಿ ನಾಲಿಗಿ ದಣದಾಗ ಗ್ವಾಡಿಗೆ ಲಟ್ಟಣಗಿಲೆ ಎರಡು ಪೆಟ್ಟು ಹಾಕಿದ್ರ ಸಾಕು, ಇಬ್ಬರೂ ಹಿತ್ತಲಕ್ಕ ಬಂದು ನಿಂತು ಕನ್ನಡದಾಗ ಹರಟಿ ಹೊಡೀತಿದ್ವಿ. ನರ್ಮದಾ ಎತ್ತರದಾಕಿ, ಉದ್ದುದ್ದ ಕಾಲು. ಸಾಲ್ಯಾಗ ಇದ್ದಾಗ ಖೋ-ಖೋ ಆಡತಿದ್ಲಂತ. "ನನ್ನ ಹಿಡಿಯೋ ಹುಡುಗಿ ಇಡೀ ಹೊಂಗಲದಾಗ ಇದ್ದಿಲ್ಲ ನೋಡು" ಅಂತಿದ್ಲು. ಹದಿನೈದಕ್ಕ ಲಗ್ನ ಆತು, ಆಮ್ಯಾಲೆ ಅಕಿ ಓಡಿದ್ದು ಹಾಲು ಉಕ್ಕಿದಾಗಷ್ಟ.

ಎಪ್ಪತ್ತೇಳರ ಮಳಿಗಾಲದಾಗ ದಿಗಂಬರರಾಯರು ಮಶೀನಿನ ಮುಂದನ ಕುಸದ್ರು. ನಲವತ್ತನಾಕು ವಯಸ್ಸು. ಹಾರ್ಟು. ಆಸ್ಪತ್ರಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ಸಂಜಿಮುಂದ ಕಾರಖಾನಿಯವರು ಅವರ ಸಾಮಾನು ತಂದುಕೊಟ್ರು. ಚಪ್ಪಲಿ, ಗಡಿಯಾರ, ನಾಕು ಅಂತಸ್ತಿನ ಊಟದ ಡಬ್ಬಿ. ಡಬ್ಬಿ ಮುಚ್ಚಳದ ಮ್ಯಾಲೆ ಕೆಂಪು ಬಣ್ಣದಾಗ ಅವರ ಟೋಕನ್ ನಂಬರು, ೪೧೭. ಅವತ್ತು ಊಟದ ಸೀಟಿ ಹೊಡಿಯೋಕಿಂತ ಮೊದಲ ಹೋಗಿದ್ರು, ಹಿಂಗಾಗಿ ಡಬ್ಬಿ ತುಂಬಿದ್ದು ತುಂಬಿದಂಗ ಬಂದಿತ್ತು.

ಒಬ್ಬಳ ಮಗಳು, ನೀರಜಾ. ಮರುವರ್ಷ ಅಕಿನ್ನ ಇಂದೂರಿಗೆ ಕೊಟ್ರು. ಅಲ್ಲಿಂದ ನರ್ಮದಾ ಒಬ್ಬಾಕಿನ. ಗ್ವಾಡಿ ಆ ಕಡಿಂದ ನನಗ ಎಲ್ಲಾ ಕೇಳಸ್ತಿತ್ತು. ಮೊದಲು ಭಾಂಡಿ ಸಪ್ಪಳ, ರೇಡಿಯೋ, ನಡುನಡುವ ಅಕೀದ ಮಾತು. ಯಾರ ಜೋಡಿ ಮಾತಾಡತಿದ್ಲೋ ಏನೋ, ನಾ ಕೇಳಲಿಲ್ಲ. ಬರಬರತಾ ಮಾತು ನಿಂತು ಬರೇ ರೇಡಿಯೋ ಉಳೀತು. "ಒಬ್ಬಾಕಿಗಷ್ಟ ಅಡಗಿ ಮಾಡೂದು ನನಗ ಬರವಲ್ಲದು ಭಾಮಾ, ಎಷ್ಟು ಹಿಡದು ಮಾಡಿದ್ರೂ ಇಬ್ಬರಿಗೆ ಆಗತದ" ಅಂತಿದ್ಲು. ಉಳದದ್ದು ರಾತ್ರಿಗೆ, ರಾತ್ರಿದು ಮರುದಿನಕ್ಕ. ತಿನ್ನೂದು, ಕೂಡೂದು. ಎರಡು ವರ್ಷದಾಗ ಆ ಎತ್ತರದ ಹೆಂಗಸು ದಪ್ಪಾಗಿ, ನಳದಿಂದ ಒಂದು ಕೊಡ ನೀರು ತರಬೇಕಾದ್ರ ಮೂರು ಕಡೆ ನಿಂದರತಿದ್ಲು.

ಎಂಬತ್ತನೇ ಇಸವಿ ಫೆಬ್ರುವರಿಯೊಳಗ ಒಂದಿನ ನಳದ ಹತ್ತರ ಎದಿ ಹಿಡಕೊಂಡು ಕುಂತ್ಲು. ಚಿಂಚವಾಡಕ್ಕ ಕರಕೊಂಡು ಹೋದಾಕಿ ನಾನ. ಮೊದಲೊಬ್ಬ ಹಳೇ ಡಾಕ್ಟರು ನೋಡಿ, ಮೂರು ತಿಂಗಳು ಹಾಸಿಗಿ ಬಿಟ್ಟು ಏಳಬ್ಯಾಡ್ರಿ ಅಂದ್ರು. ಎರಡನೇದಂವ ಹುಡುಗ ಡಾಕ್ಟರು, ಹೊಸದಾಗಿ ಕಲತು ಬಂದಂವ. ಎದಿಗೆ ವಾಯರು ಹಚ್ಚಿ ಪಟ್ಟಿ ತಗದು ನೋಡಿ, "ಬಾಯಿ, ನಿಮಗ ಔಷಧಕಿಂತಾ ಕಾಲು ಮುಖ್ಯ" ಅಂದ. ದಿನಾ ಮೂರು ಮೈಲು ನಡೀಬೇಕು. ನಡುವ ಒಮ್ಮೆ ಕೂಡ್ರಬಹುದು, ಆದ್ರ ಹಾದ್ಯಾಗ ನಿಂತು ಹರಟಿ ಹೊಡೀಬಾರದು, ನಿಂತ್ರ ನಡದದ್ದು ಲೆಕ್ಕಕ್ಕಿಲ್ಲ. ಎದಿ ಹಿಡದ್ರ ನಾಲಿಗಿ ಕೆಳಗ ಇಟ್ಟಕೊಳ್ಳಲಿಕ್ಕೆ ಒಂದು ಸಣ್ಣ ಗುಳಗಿ ಕೊಟ್ಟ, ಹೊರಗ ಹೋದಾಗ ಅದು ಮೈಮ್ಯಾಲೆ ಇರಲೇಬೇಕು ಅಂದ.

ಆ ಡಾಕ್ಟರಿನ ಮಾತು ನಾನೂ ಕೇಳೇನಿ. ಇದನ್ನ ನೀವು ನೆನಪಿಟ್ಟಕೋರಿ.

ಮರುದಿನ ಮುಂಜಾನೆ ಆರಕ್ಕ ನರ್ಮದಾ ಹೊಂಟ್ಲು. ಮಂದಿ ಸಹಿಸಿಕೊಳ್ಳೂ ಮಾತಲ್ಲ ಅದು. ಆರೂವರಿಯ ಮೊದಲ ಪಾಳಿಗೆ ಗಂಡಸರು ಸೈಕಲ್ ಮ್ಯಾಲೆ ಹೊಂಟಿರತಾರ, ಎದುರಿಗೆ ಈ ಬೋಳು ಹಣಿ. ಒಬ್ಬಂವ ಸೈಕಲ್ ಇಳದು, ಹೊಳ್ಳಿ ಮನಿಗೆ ಹೋಗಿ, ನೀರು ಕುಡದು ಮತ್ತ ಹೊಂಟ. ಇನ್ನೊಬ್ಬಂವ ಅಕಿಗೆ ಕೇಳೂ ಹಂಗ ಏನೋ ಅಂದ. ಮರುದಿನ ಒಂಬತ್ತಕ್ಕ ಹೋದ್ಲು. ಒಂಬತ್ತಕ್ಕ ಓಣಿ ಹೆಂಗಸರು. "ಕುಠಂ ಚಾಲಲಾತ?" ಎಲ್ಲಿಗೆ ಹೊಂಟೀರಿ ಅಂತ ಪ್ರತಿ ಬಾಗಲದಾಗೂ ಅದ ಪ್ರಶ್ನಿ. "ಎಲ್ಲೂ ಇಲ್ಲ, ಹಿಂಗ ಸುಮ್ನ" ಅಂದ್ಲಂತ. ವಿಧವಾ ಹೆಂಗಸು ಕೈಯಾಗ ಚೀಲಿಲ್ಲ, ಕೊಡಿಲ್ಲ, ಸುಮ್ನ ರಸ್ತಾದ ಮ್ಯಾಲೆ ಹೊಂಟಾಳಂದ್ರ ಜನ ಬಿಡತಾರೇನು? ಸಂಜೀಕೆ ಮೂರು ಮಂದಿ ಅಕಿ ಮನಿಗೆ ಬಂದ್ರು, ಏನು ತ್ರಾಸ ಅದ ನಿಮಗ, ಮಗಳ ಮನ್ಯಾಗ ಏನರ ಆತೇನು ಅಂತ ವಿಚಾರಸ್ಲಿಕ್ಕೆ.

ಮತ್ತ ನಾ ಏನು ಮಾಡಿದೆ ಗೊತ್ತೇನು? ನಕ್ಕೆ. "ಈ ವಯಸ್ಸಿನಾಗ ಏನು ಶೋಕಿ ಮಾರಾಯ್ತಿ, ಪಡಸಾಲ್ಯಾಗ ಹತ್ತು ಸುತ್ತು ಹಾಕು, ಮುಗೀತು" ಅಂದೆ. ಅಕಿ ಪಡಸಾಲಿ ಆರು ಹೆಜ್ಜಿಗೆ ಮುಗೀತಿತ್ತು. ಅಕಿ ನಕ್ಕಂಗ ಮಾಡಿ ಒಳಗ ಹೋದ್ಲು. ಅಡ್ಡಾಡೂ ಸುದ್ದಿ ನನ್ನ ಮುಂದ ಮತ್ತ ತಗೀಲಿಲ್ಲ. ಬಿಟ್ಟಳು ಅಂತ ನಾ ತಿಳಕೊಂಡೆ, ಹದಿನೈದು ದಿನಕ್ಕ ಮರತೂಬಿಟ್ಟೆ.

ಅಕಿ ಬಿಟ್ಟಿದ್ದಿಲ್ಲ. ಇದೆಲ್ಲಾ ನನಗ ಆಮ್ಯಾಲೆ ಗೊತ್ತಾತು, ನಿಮಗ ಈಗ ಹೇಳಿಬಿಡತೀನಿ. ನಮ್ಮ ಕಡೆ ಹನ್ನೊಂದಕ್ಕ ಐದಾರು ಮಂದಿ ಹೆಂಗಸರು ಗಂಡಂದ್ರಿಗೆ ಬಿಸಿ ಊಟದ ಡಬ್ಬಿ ತಗೊಂಡು ಕಾರಖಾನಿ ಗೇಟಿಗೆ ಹೋಗತಿದ್ರು. ಡಬ್ಬಿ ಹಿಡದಾಕಿನ್ನ ಯಾರೂ ಎಲ್ಲಿಗೆ ಅಂತ ಕೇಳೂದಿಲ್ಲ. ನಿಂದರಸಂಗೂ ಇಲ್ಲ, ಊಟ ಆರತದ. ನರ್ಮದಾ ಇದನ್ನ ಎಷ್ಟು ದಿನ ಕಿಡಕ್ಯಾಗಿಂದ ನೋಡಿದ್ಲೋ ಏನೋ. ಒಂದಿನ ಗಂಡನ ಡಬ್ಬಿ ಕೆಳಗಿಳಿಸಿ, ತಿಕ್ಕಿ ತೊಳದು, ಹಿಡಕೊಂಡು ಹೊಂಟುಬಿಟ್ಲು.

ಡಬ್ಬ್ಯಾಗ ಊಟ ಇದ್ದಿಲ್ಲ. ಆದ್ರ ಖಾಲಿ ಡಬ್ಬಿ ನಡಿಯೋ ಮುಂದ ಗಡಗಡ ಅಂತದ, ನಾಕು ಮನಿಗೆ ಕೇಳಸ್ತದ. ಅದಕ್ಕ ರಾಯರ ಎರಡು ಹಳೇ ಅಂಗಿ ಹರದು, ಮಡಚಿ, ಕೆಳಗಿನ ಮೂರೂ ಅಂತಸ್ತಿಗೆ ತುಂಬಿದ್ಲು. ಎಲ್ಲಾಕ್ಕಿಂತ ಮ್ಯಾಲಿನ, ಉಪ್ಪಿನಕಾಯಿ ಇಡೂ ಸಣ್ಣ ಡಬ್ಬ್ಯಾಗ ಡಾಕ್ಟರು ಕೊಟ್ಟ ಗುಳಗಿ ಇಟ್ಲು.

ಗೇಟಿನ ವಾಚಮನ್ ಹಣಮಂತ್ರಾಯ, ಸುರಪುರದ ಕಡಿಯಂವ. ಮೊದಲು ಇಲ್ಲಿ ಕಟ್ಟಡದ ಕೆಲಸಕ್ಕ ಬಂದು, ಬೆನ್ನು ಕೆಟ್ಟ ಮ್ಯಾಲೆ ಗೇಟಿಗೆ ಕುಂತಂವ. ಹೆಂಡತಿ ತೀರಿಹೋಗಿದ್ಲು, ಕಾರಖಾನಿ ಹಿಂದ ಒಂದು ಖೋಲ್ಯಾಗ ಒಬ್ಬನ ಇರತಿದ್ದ. ಅಂವ ಮುಚ್ಚಳದ ನಂಬರು ನೋಡಿದ ಕೂಡ್ಲೆ ಗುರತು ಹಿಡದ. ಯಾರಿಗ್ರಿ ಅಕ್ಕೋರ, ಅಂತ ಕೇಳಿದ. "ಯಾರಿಗೂ ಇಲ್ಲಪ್ಪಾ. ಡಾಕ್ಟರು ಅಡ್ಡಾಡು ಅಂದಾರ, ಬರೇ ಕೈಲೆ ಅಡ್ಡಾಡ್ಲಿಕ್ಕೆ ಮಂದಿ ಬಿಡವಲ್ರು" ಅಂದ್ಲು. ಅಂವ ಬೇವಿನ ಗಿಡದ ಕೆಳಗ ತನ್ನ ಸ್ಟೂಲು ತಂದಿಟ್ಟು, ಮಗಿಯಾಗಿನ ನೀರು ಕೊಟ್ಟ.

ಅಲ್ಲಿಂದ ದಿನಾ. ಅಕಿ ಮನಿ ಬಿಡೂದು ಕಾರಖಾನಿಯ ಹನ್ನೊಂದರ ಭೋಂಗಾ, ಅದ ಸೀಟಿ, ಹೊಡದಾಗ. ಮುಟ್ಟಿದ ಕೂಡ್ಲೆ ಅಂವ ಗೇಟಿನ ಗಡಿಯಾರ ನೋಡಿ ಹೇಳಂವ. ಮೊದಲಿನ ದಿನ ಐವತ್ತು ನಿಮಿಷ. ಮಳಿಗಾಲಕ್ಕ ಮೂವತ್ತೆಂಟು. ದಸರಾಕ್ಕ ಮೂವತ್ತು. "ಇವತ್ತ ಇಪ್ಪತ್ತೊಂಬತ್ರಿ ಅಕ್ಕೋರ" ಅಂದ ದಿನ ಅಕಿ ಬಾಯಿ ಮುಚ್ಚಿಕೊಂಡು ನಕ್ಲಂತ. ಹತ್ತು ನಿಮಿಷ ಕುಂತು, ಡಬ್ಬಿ ಎತ್ತಿಕೊಂಡು ಹೊಳ್ಳಿ ಹೊಂಟುಬಿಡತಿದ್ಲು. ಇಡೀ ದಿವಸದಾಗ ಅಕಿ ಮನಷಾರ ಜೋಡಿ ಆಡಿದ ಮಾತು ಅವಷ್ಟ ಇರತಿದ್ವು, ಯಾಕಂದ್ರ ಅಷ್ಟರಾಗ ನಾ ಗ್ವಾಡಿ ಬಡಿಯೋದು ಕಡಿಮಿ ಮಾಡಿದ್ದೆ. ಮನ್ಯಾಗ ಮೂರು ಮಂದಿ ಮಕ್ಕಳು, ಅತ್ತಿ ಬ್ಯಾರೆ ಬಂದಿದ್ರು, ನನಗ ಪುರಸತ್ತಿಲ್ಲ ಅಂತ ನಾನ ಹೇಳಿಕೊಂಡಿದ್ದೆ.

ಅಷ್ಟರಾಗ ನೀರಜಾಗ ದಿನ ನಿಂತ್ವು. ಚೊಚ್ಚಲ ಬಾಣಂತನ ತವರುಮನ್ಯಾಗ ಆಗಬೇಕು, ಆದ್ರ ಬೀಗರು ಕಾಗದ ಬರದ್ರು, ನಿಮ್ಮ ತಬ್ಬೇತ ಹಿಂಗದ, ಬಾಣಂತನ ಯಾರು ಮಾಡವರು, ನಾವು ಕಳಸೂದಿಲ್ಲ ಅಂತ. ನರ್ಮದಾ ಆ ಕಾಗದ ತಗೊಂಡು ಚಿಂಚವಾಡದ ಡಾಕ್ಟರ ಕಡೆ ಹೋದ್ಲು. ಕೂಸಿಗೆ ಎರಿಯೋ ಬಿಸಿನೀರಿನ ಹಂಡೆ ಎತ್ತಬೌದೋ ಇಲ್ಲೋ ಅಂತ ಕೇಳಿದ್ಲು. ಫೆಬ್ರುವರಿ ಆಖೇರಿತನಾ ಹಿಂಗ ನಡೀರಿ, ಆವಾಗ ಮತ್ತೊಮ್ಮೆ ಪಟ್ಟಿ ತಗದು ನೋಡಿ ಬರದು ಕೊಡತೀನಿ, ಅಂದ ಡಾಕ್ಟರು. ಆ ಒಂದು ಚೀಟಿ ಸಲುವಾಗಿ ಅಕಿ ನಡೀತಿದ್ಲು. ಕೂಸಿನ ದುಪ್ಪಟಿ ಹೊಲದಿಟ್ಟಿದ್ಲು, ಖಾರಿಕ ಗೋಡಂಬಿ ತಂದಿಟ್ಟಿದ್ಲು. ಇದನ್ನೂ ನನಗ ಹೇಳಲಿಲ್ಲ. ನಗತೀನಿ ಅಂತ ಅಂಜಿಕಿ ಇರಬೇಕು.

ನನಗ ಗೊತ್ತಾದದ್ದು ನಮ್ಮನಿಯವರಿಂದ. "ನರ್ಮದಾಬಾಯಿ ದಿನಾ ಗೇಟಿಗೆ ಡಬ್ಬಿ ತರತಾರ, ಯಾರಿಗೆ ತರತಾರೋ" ಅಂದ್ರು ಒಂದಿನ ಊಟಕ್ಕ ಕುಂತಾಗ.  ನಾ ಅಕಿ ಗೆಳತಿ, ನನಗ ಗೊತ್ತಿಲ್ಲದ ಡಬ್ಬಿ ಯಾವುದು? ಮರುದಿನ ಕಿಡಕ್ಯಾಗ ನಿಂತು ನೋಡಿದೆ. ಸರಸರ ಹೊಂಟಾಳ, ಬೆನ್ನು ನೆಟ್ಟಗ, ಮೈ ಇಳದದ, ಮುಖದ ಮ್ಯಾಲೆ ಕಳಾ ಬಂದದ. ಡಬ್ಬಿ ಸಪ್ಪಳಿಲ್ಲದ ಹೊಂಟದ. ಸಪ್ಪಳಿಲ್ಲ ಅಂದ್ರ ತುಂಬೇದ ಅಂತ ನನ್ನ ಶಾಣ್ಯಾತನ ಹೇಳ್ತು. ಹನ್ನೆರಡೂ ಕಾಲಿಗೆ ಹೊಳ್ಳಿ ಬಂದಾಗೂ ಡಬ್ಬಿ ಸಪ್ಪಳ ಮಾಡಲಿಲ್ಲ. ಉಂಡ ಡಬ್ಬಿ ಸಪ್ಪಳ ಮಾಡತದಲ್ಲ, ಇಪ್ಪತ್ತು ವರ್ಷ ಡಬ್ಬಿ ಕಟ್ಟಿದಾಕಿ ನಾ, ಅಷ್ಟೂ ನನ್ನ ತಲಿಗೆ ಹೊಳೀಲಿಲ್ಲ.

ಸಂಕ್ರಾಂತಿ ಆತು. ಇಲ್ಲೆ ರಥಸಪ್ತಮಿತನಾ ಮನಿಮನಿಗೆ ಅರಿಷಿಣ-ಕುಂಕುಮ. ಮುತ್ತೈದಿಯರು ಕೂಡೂ ಜಾಗಾ, ನರ್ಮದಾನ್ನ ಯಾರೂ ಕರಿಯೋ ಹಂಗಿಲ್ಲ. ಆ ಸಲ ನಮ್ಮ ಮನಿಯೊಳಗೂ ಇತ್ತು. ಗ್ವಾಡಿ ಆ ಕಡೆ ಅಕಿ, ಈ ಕಡೆ ನಾವು ಹದಿನೆಂಟು ಮಂದಿ, ಎಳ್ಳುಬೆಲ್ಲ ಹಂಚಗೋತ. ಮಾತಿಗೆ ಮಾತು ಬಂದು ಯಾರೋ ನರ್ಮದಾ ಭಾಳ ಛಲೋ ಆಗ್ಯಾಳ ನೋಡ್ರಿ ಅಂದ್ರು. ಆಗ ನಾ ಅಂದೆ, ಮರಾಠಿಯೊಳಗ, ಎಲ್ಲಾರಿಗೂ ತಿಳೀಲಿ ಅಂತ. "ಆಗದ ಏನು, ದಿನಾ ತುಂಬಿದ ಡಬ್ಬಿ ಒಯ್ಯತಾಳ. ಗೇಟಿನಾಗ ಹಣಮಂತ್ರಾಯ ಒಬ್ಬನ ಇರತಾನ, ಅವನೂ ನಮ್ಮ ಕನ್ನಡದಂವನ." ಅಷ್ಟ. ಹೆಚ್ಚಿಗಿ ಒಂದು ಅಕ್ಷರ ಅನ್ನಲಿಲ್ಲ. ಅಷ್ಟ ಅಂದು ಮುಂದಿನಾಕಿಗೆ ಕುಂಕುಮ ಹಚ್ಚಿದೆ. ನಾ ಸುಮ್ನ ಅಂದದ್ದಲ್ಲ ಅದು. ನನ್ನ ಬಿಟ್ಟು ಅಕಿಗೆ ಮಾತಾಡ್ಲಿಕ್ಕೆ ಇನ್ನೊಬ್ಬರು ಸಿಕ್ಕಾರಲ್ಲ ಅಂತ ಹೊಟ್ಟಿಕಿಚ್ಚು. ಈ ಮಾತು ಒಪ್ಪಿಕೊಳ್ಳಲಿಕ್ಕೆ ನನಗ ನಾಕು ವರ್ಷ ಹಿಡೀತು.

ಎಂಟು ದಿನದಾಗ ಆ ಮಾತು ಗೇಟು ಮುಟ್ಟಿತು. ಪಾಳಿ ಬಿಟ್ಟು ಬರೋ ಹುಡುಗರು ಹಣಮಂತ್ರಾಯಗ "ಕಾಯ, ಆಜ ಭಾಜಿ ಕುಠಲೀ?" ಇವತ್ತೇನು ಪಲ್ಯಾ ಅಂತ ಚಾಷ್ಟಿ ಮಾಡಲಿಕ್ಕೆ ಹತ್ತಿದ್ರು. ಅಂವ ಸಾಹೇಬರ ಕಡೆ ಹೋಗಿ ಹಿಂದಿನ ಗೇಟಿಗೆ ಬದಲಿ ಮಾಡಿಸಿಕೊಂಡ. ನರ್ಮದಾ ಒಂದಿನ ಹೋದಾಗ ಸ್ಟೂಲು ಇರಲಿಲ್ಲ, ಹೊಸ ವಾಚಮನ್ ಡಬ್ಬಿ ನೋಡಿ ಹಲ್ಲು ಕಿಸದ. ಆಗ ಅಕಿಗೆ ಎಲ್ಲಾ ತಿಳೀತು. ಮನಿಗೆ ಬಂದು ಡಬ್ಬಿ ಗೂಟಕ್ಕ ತೂಗುಹಾಕಿದ್ಲು.

ಅಕಿ ನನ್ನ ಕಡೆ ಬಂದು ಕೇಳಲಿಲ್ಲ. ಹಿತ್ತಲದಾಗ ಎದುರಾದ್ಲು, "ಚಳಿ ಭಾಳ ಅದ ಅಲ್ಲ ಭಾಮಾ" ಅಂದು ಒಳಗ ಹೋದ್ಲು. ನನಗ ಬೈದಿದ್ರ ಎಷ್ಟೋ ಛಲೋ ಇತ್ತು.

ಆದ್ರ ಡಾಕ್ಟರು ಹೇಳಿದ ಫೆಬ್ರುವರಿ ಆಖೇರಿಗೆ ಇನ್ನೂ ಮೂರು ವಾರ ಇದ್ವು. ಬಿಟ್ರ ಚೀಟಿ ಸಿಗೂದಿಲ್ಲ, ಮಗಳು ಬರೂದಿಲ್ಲ. ಅದಕ್ಕ ನರ್ಮದಾ ಸಂಜಿ ಐದೂವರಿಗೆ ಹೊಂಟ್ಲು, ರಸ್ತಾ ಬಿಟ್ಟು, ಹಿಂದಿನ ಮಾಳದ ಕಡೆ. ಅಲ್ಲಿ ಆಗ ಮನಿ ಇದ್ದಿಲ್ಲ, ಪ್ಲಾಟಿನ ಕಲ್ಲು ಹುಗದಿದ್ರು, ಜಾಲಿಕಂಟಿ, ಒಂದು ಹಳೇ ಕಲ್ಲಿನ ಖಣಿ. ಎಲ್ಲಿಗೆ ಅಂತ ಕೇಳವರು ಯಾರೂ ಇಲ್ಲ. ಕೇಳವರಿಲ್ಲದ ಕಡೆ ಡಬ್ಬಿ ಯಾತಕ್ಕ? ಸಂಜೀಕೆ ಯಾರಿಗೆ ಡಬ್ಬಿ ಅಂತ ಹೇಳಬೇಕು? ಬರೇ ಕೈಲೆ ಹೋದ್ಲು.

ಫೆಬ್ರುವರಿ ಹದಿನಾರಕ್ಕ, ಸೋಮವಾರ, ಅಕಿ ಹೊಳ್ಳಿ ಬರಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಗ್ವಾಡಿ ಆ ಕಡೆ ರೇಡಿಯೋ ಹತ್ತಲಿಲ್ಲ, ನಾ ಅದನ್ನ ಗಮನಿಸಿದೆ, ಗಮನಿಸಿ ಚಪಾತಿ ಲಟ್ಟಿಸಿಗೋತ ಕುಂತೆ. ಆಡು ಹೊಡಕೊಂಡು ಬರೋ ಮುದುಕಿಯೊಬ್ಬಾಕಿ ಸುದ್ದಿ ತಂದ್ಲು, ಯಾರೋ ಬಾಯಿ ಖಣಿ ಹತ್ತರ ಪ್ಲಾಟಿನ ಕಲ್ಲಿಗೆ ಆನಿಕೊಂಡು ಕುಂತಾಳ, ಮಾತಾಡಿಸಿದ್ರ ಮಾತಾಡವಲ್ಲಳು ಅಂತ. ನಮ್ಮನಿಯವರು ಓಡಿದ್ರು, ನಾನೂ ಓಡಿದೆ. ಕಲ್ಲಿಗೆ ಬೆನ್ನು ಹಚ್ಚಿ ಕುಂತಿದ್ಲು, ಮೈ ಆಗಲೇ ತಣ್ಣಗಾಗಿತ್ತು. ಸೆರಗಿನ ಚುಂಗು ಬಿಚ್ಚಿತ್ತು, ಬಲಗೈ ಬೊಟ್ಟು ಅದರಾಗ ಸಿಕ್ಕೊಂಡಿದ್ವು. ಸೆರಗಿನಾಗ ಏನು ಹುಡುಕಿದ್ಲು ಅಂತ ಆವಾಗ ನನಗ ತಿಳೀಲಿಲ್ಲ.

ಮನಿಗೆ ತಂದು ಮಲಗಿಸಿದ ಮ್ಯಾಲೆ ಅಕಿಗೆ ಉಡಸ್ಲಿಕ್ಕೆ ಸೀರಿ ತರಲಿಕ್ಕೆ ಅಂತ ಒಳಗ ಹೋದೆ. ಗೂಟಕ್ಕ ಡಬ್ಬಿ ತೂಗತಿತ್ತು. ಯಾಕೋ ಕೈ ಹೋತು, ಇಳಿಸಿ ತಗದೆ. ಮ್ಯಾಲಿನ ಸಣ್ಣ ಡಬ್ಬ್ಯಾಗ ಡಾಕ್ಟರು ಕೊಟ್ಟ ಗುಳಗಿ ಪುಡಿಕಿ, ಒಂಬತ್ತು ಗುಳಗಿ. ಸೆರಗಿನಾಗ ಅಕಿ ಹುಡುಕಿದ್ದು ಇವನ್ನ. ಕೆಳಗಿನದ್ರಾಗ ಅಂಗಿ ಅರಬಿ. ಮೂರನೇದ್ರಾಗ ಅಂಗಿ ಅರಬಿ. ನಾಕನೇದ್ರಾಗೂ ಅದ.  ಗುರತು ಹತ್ತಿತು ಆ ಅಂಗೀದು, ನೀಲಿ ಗೆರಿದು, ದಿಗಂಬರರಾಯರು ದಸರಾಕ್ಕ ಹಾಕ್ಕೋತಿದ್ರು.

ಉಳದದ್ದೆಲ್ಲಾ ಹದಿಮೂರನೇ ದಿನ ಹಣಮಂತ್ರಾಯ ಬಂದಾಗ ಹೇಳಿದ. ಬಾಗಲದಾಗ ನಿಂತ, ಒಳಗ ಬರಲಿಲ್ಲ. ನಿಮಿಷದ ಸುದ್ದಿ, ಚೀಟಿ ಸುದ್ದಿ, ನೀರಿನ ಸುದ್ದಿ, ಎಲ್ಲಾ ಹೇಳಿದ. "ಅಕ್ಕೋರು ನಿಮ್ಮ ಹೆಸರು ಭಾಳ ತಗೀತಿದ್ರಿ. ನೀರಜಾ ಬಂದ ಮ್ಯಾಲೆ ಭಾಮಾಗ ಹೇಳಬೇಕು, ಅಕಿ ಕೈ ಹಚ್ಚಿದ್ರ ಬಾಣಂತನಕ್ಕ ಚಿಂತಿ ಇಲ್ಲ ಅಂತಿದ್ರಿ" ಅಂದ. ಡಬ್ಬಿ ಮಾತು ಯಾರು ಹಬ್ಬಿಸಿದ್ರು ಅಂತ ಅವನಿಗೆ ಗೊತ್ತಿತ್ತೋ ಇಲ್ಲೋ ನಾ ಅರೀಯೆ. ನನ್ನ ಮುಖ ನೋಡದ ಹೋದ.

ನೀರಜಾ ಇಂದೂರಿನಾಗನ ಹಡದ್ಲು, ಹೆಣ್ಣು ಕೂಸು. ಹಡಿಯೋಕಿಂತ ಮೊದಲ ಅವ್ವನ ದಿನಕ್ಕ ಬಂದಾಗ ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಅತ್ತು, "ಮಾವಶಿ, ಅವ್ವ ಡಾಕ್ಟರು ಹೇಳಿಧಂಗ ಅಡ್ಡಾಡತಿದ್ಲೇನು?" ಅಂತ ಕೇಳಿದ್ಲು. ಹೌದವಾ, ದಿನಾ ಅಡ್ಡಾಡತಿದ್ಲು ಅಂದೆ. ಅದಕ್ಕಿಂತ ಮುಂದ ಹೇಳಲಿಕ್ಕೆ ನನಗ ಬಾಯಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಹೋಗಬೇಕಾದ್ರ, ಅವ್ವನ ನೆನಪಿಗೆ ಏನರ ಇಟ್ಟಕೋರಿ ಅಂದ್ಲು. ಡಬ್ಬಿ ಕೊಡು ಅಂತ ಇಸಕೊಂಡೆ.

ಆ ಮನಿಗೆ ಈಗ ಮರಾಠಿ ಮಂದಿ ಬಂದಾರ, ಛಲೋ ಮಂದಿ. ಗ್ವಾಡಿ ಬಡಿಯೋ ಕಾರಣ ನನಗಿಲ್ಲ. ನಮ್ಮನಿಯವರು ಹ್ವಾದ ವರ್ಷ ಹೋದ್ರು, ಅವರಿಗೂ ಹಾರ್ಟ. ನನಗೂ ಈಗ ಬೀಪಿ, ಡಾಕ್ಟರು ನಡೀರಿ ಅಂದಾರ. ಬಾಗಿಗೆ ಹೋಗಿ ಬೂಟ ಹಾಕ್ಕೊಂಡು ಸುತ್ತು ಹಾಕಿದ್ರ ಇವತ್ತು ಯಾರೂ ಏನೂ ಅನ್ನೂದಿಲ್ಲ. ಆದ್ರ ನಾ ಹನ್ನೊಂದರ ಭೋಂಗಾ ಹೊಡದ ಕೂಡ್ಲೆ ೪೧೭ರ ಡಬ್ಬಿ ಹಿಡಕೊಂಡು ಆಕುರ್ಡಿ ರಸ್ತಾಕ್ಕ ಬೀಳತೀನಿ. ಗೇಟಿನತನಾ ಹೋಗಿ, ಬೇವಿನ ಗಿಡದ ಕೆಳಗ ಒಂದೀಟು ನಿಂತು ಹೊಳ್ಳಿ ಬರತೀನಿ. ನನಗ ನಲವತ್ತೈದು ನಿಮಿಷ ಹಿಡೀತದ. ಗಡಿಯಾರ ನೋಡಿ ಹೇಳವರು ಯಾರೂ ಇಲ್ಲ, ನಾನ ನೋಡಿಕೋತೀನಿ.

ಡಬ್ಬಿಯೊಳಗ ಅರಬಿ ತುಂಬೂದಿಲ್ಲ ನಾ. ಗುಳಗಿ ಸೆರಗಿಗೆ ಕಟ್ಟಿರತೀನಿ. ನಾಕೂ ಅಂತಸ್ತು ಖಾಲಿ ಇರತಾವ, ಒಂದೊಂದು ಹೆಜ್ಜಿಗೂ ಗಡಗಡ ಅಂತಾವ, ಓಣಿ ತುಂಬ ಕೇಳಸ್ತದ. ಬಾಗಲದಾಗ ಕುಂತ ಹೆಂಗಸರು ಖಾಲಿ ಡಬ್ಬಿ ತಗೊಂಡು ಎಲ್ಲಿಗೆ ಹೊಂಟೀರಿ ಭಾಮಾಬಾಯಿ ಅಂತ ಕೇಳತಾರ. ಎಲ್ಲೂ ಇಲ್ಲ, ಅಡ್ಡಾಡ್ಲಿಕ್ಕೆ ಹೊಂಟೀನಿ ಅಂತ ಹೇಳತೀನಿ. ನಿಂತು ಹೇಳೂದಿಲ್ಲ.